ಲೋಕೋ ತಂಡ ಗಿಣಿಗೇರಾಕ್ಕೆ ಬಂದ ತಿಂಗಳು

ಆಗಸ್ಟ್ 1, ಶುಕ್ರವಾರ

ಬಾಯಿ ಮುಚ್ಚಿ ಇವತ್ತಿಗೆ ಐದನೆಯ ದಿನ.

ಸೋಮವಾರ ಹುಬ್ಬಳ್ಳಿಯಲ್ಲಿ ಗಂಟಲಿನ ಆಪರೇಷನ್ ಆಯಿತು. ಧ್ವನಿತಂತುಗಳ ಮೇಲೆ ನವಣೆ ಕಾಳಿನಷ್ಟು ಎರಡು ಗಂಟು ಬೆಳೆದಿದ್ದವಂತೆ, ತೆಗೆದರು. ಎರಡು ವಾರ ಒಂದಕ್ಷರ ಮಾತಾಡುವಂತಿಲ್ಲ, ಪಿಸುಗುಡುವಂತೆಯೂ ಇಲ್ಲ. ಆಮೇಲೆ ದಿನಕ್ಕೆ ಐದು ನಿಮಿಷ. ಮುಂದಿನದನ್ನು ಇಪ್ಪತ್ತೈದನೇ ತಾರೀಖು ನೋಡಿ ಹೇಳುತ್ತೇನೆ ಅಂದಿದ್ದಾರೆ ಡಾಕ್ಟರು. ನಾನು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಹತ್ತೊಂಬತ್ತು ವರ್ಷ ಬಿಸಿಲಿಗೆ ನಿಂತು ಕೂಗಿದವಳು. ಅವರು ಇದನ್ನೆಲ್ಲ ಹೇಳುವಾಗ ನನಗೆ ನಗು ಬಂತು. ಜೋರಾಗಿ ನಗುವುದೂ ಬೇಡ ಅಂದರು.

ಮನೆಯಲ್ಲಿ ಮಾತಿಗೆ ಬದಲು ಒಂದು ಪಾಟಿ, ಬಳಪ ಇಟ್ಟುಕೊಂಡಿದ್ದೇನೆ. ಪಾಟಿಯ ಮೇಲೆ ಬರೆಯಲಾಗದ್ದನ್ನು ಈ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೊದಲನೆಯದು: ಅತ್ತೆ ಬಂದಿದ್ದಾರೆ. ತಳಕಲ್‌ನಿಂದ, ನನ್ನನ್ನು ನೋಡಿಕೊಳ್ಳಲು, ಒಂದು ತಿಂಗಳಿಗೆ. ಇವರು, ನನ್ನ ಗಂಡ ಪ್ರಭು, ನನ್ನನ್ನು ಕೇಳದೆಯೇ ಕರೆಸಿದರು. ಮದುವೆಯಾದ ಹೊಸದರಲ್ಲಿ ನಾನು ಟ್ರ್ಯಾಕ್‌ಪ್ಯಾಂಟು ಹಾಕಿದ್ದನ್ನು ನೋಡಿ "ಸೊಸಿ ತಂದೀನೋ, ಪೊಲೀಸರ ತಂದೀನೋ" ಅಂದ ಶಂಕ್ರಮ್ಮ ಈ ಅತ್ತೆಯೇ. ನಮ್ಮಿಬ್ಬರಿಗೂ ಎಂದೂ ಸರಿಹೋಗಿಲ್ಲ. ಈಗ ಅವರು ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ ಬದಲಿಸುತ್ತಿದ್ದಾರೆ. ನನಗೆ ಒಂದು ಮಾತು ಅನ್ನಲೂ ಆಗುತ್ತಿಲ್ಲ.

ಒಳ್ಳೆಯ ಸುದ್ದಿ ಒಂದಿದೆ. ಹುಬ್ಬಳ್ಳಿ ಲೋಕೋ ಫುಟ್‌ಬಾಲ್ ತಂಡ ನಮ್ಮೂರಿಗೆ ಬರುತ್ತಿದೆ! ಅವರ ಮೈದಾನಕ್ಕೆ ಹೊಸ ಹುಲ್ಲು ಹಾಕುತ್ತಿದ್ದಾರಂತೆ. ಅದಕ್ಕೇ ಸೀಸನ್ ಮುಂಚಿನ ತರಬೇತಿಯನ್ನು ಇವರ ಕಾರ್ಖಾನೆಯ ಕಾಲೊನಿ ಮೈದಾನದಲ್ಲಿ ನಡೆಸುತ್ತಾರೆ. ನಾಲ್ಕು ವಾರ! ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಏಳು ವರ್ಷದವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಲೋಕೋದ ಪಂದ್ಯ ತೋರಿಸಿದವರು. ಆವತ್ತಿನಿಂದ ನಾನು ಲೋಕೋದವಳು.

ಆಗಸ್ಟ್ 4, ಸೋಮವಾರ

ತರಬೇತಿ ನೋಡಲು ಇವರು ನನ್ನೊಬ್ಬಳನ್ನೇ ಬಿಡಲಿಲ್ಲ. "ಯಾರರ ಏನರ ಕೇಳಿದ್ರ ಏನ್ ಮಾಡ್ತಿ? ಅವ್ವನ್ನ ಕರ್ಕೊಂಡು ಹೋಗು" ಅಂದರು. ಪಾಟಿಯಲ್ಲಿ "ಬೇಡ" ಎಂದು ದೊಡ್ಡದಾಗಿ ಬರೆದೆ. ಅತ್ತೆ ಅದನ್ನು ನೋಡುವ ಹೊತ್ತಿಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಆರೂಕಾಲಿಗೆ ಬಸ್ಸು ಬಂತು. ಇಪ್ಪತ್ತಾರು ಆಟಗಾರರು, ಕಂದು ಬಣ್ಣದ ಜೆರ್ಸಿ, ಬಿಳಿ ಕಾಲುಚೀಲ. ಅರ್ಧ ಗಂಟೆಯಲ್ಲಿ ಆ ಬಿಳಿಯೆಲ್ಲ ನಮ್ಮೂರಿನ ಕಾರ್ಖಾನೆಯ ಕರಿ ಧೂಳಿಗೆ ಬೂದು ಬಣ್ಣವಾಯಿತು. ಗೋವಾದ ಕೋಚ್ ಬಗ್ಗಿ ಹುಲ್ಲಿನ ಮೇಲೆ ಕೈ ಆಡಿಸಿ, ಬೆರಳು ನೋಡಿಕೊಂಡರು. ನಮ್ಮ ಮನೆಯ ಕಿಟಕಿ ಒರೆಸುವಾಗ ನಾನೂ ಹಾಗೇ ನೋಡಿಕೊಳ್ಳುತ್ತೇನೆ.

ಬೇಲಿಯ ಹೊರಗೆ ಬೇವಿನ ಮರದ ಕೆಳಗೆ ಕಲ್ಲುಹಾಸಿನ ಮೆಟ್ಟಿಲುಗಳಿವೆ. ಅಲ್ಲಿ ಕುಳಿತೆವು. ಆಟಗಾರರು ಮೈ ಸಡಿಲಿಸಲು ನೆಲಕ್ಕೆ ಕೂತು ಕಾಲು ಚಾಚಿದರು.

"ಇವರಿಗೆ ಏನಾಗೇತಿ? ಇಷ್ಟೆತ್ತರದ ಗಂಡಸರು, ಎಲ್ಲಾರೂ ಬಿದ್ದು ಕಾಲು ಜಗ್ಗಾಕತ್ಯಾರ" ಅಂದರು ಅತ್ತೆ.

ನಾನು ತಿರುಗಿ ನೋಡಲಿಲ್ಲ. ನನ್ನ ಕಣ್ಣು ಅಲ್ತಾಫನ ಮೇಲಿತ್ತು. ಬಳ್ಳಾರಿಯ ಅಲ್ತಾಫ, ಹನ್ನೊಂದು ವರ್ಷದಿಂದ ಲೋಕೋದ ಗೋಲು ಕಾಯುತ್ತಿರುವವನು. ಟಿವಿಯಲ್ಲಿ ಕಾಣುವುದಕ್ಕಿಂತ ಗಿಡ್ಡ. ಗಡ್ಡದಲ್ಲಿ ಎರಡು ಕಡೆ ಬಿಳಿ ಬಂದಿದೆ. ನಮ್ಮೆದುರಿಗೆ ಬಂದಾಗ ಬಾಯಿ ತೆರೆದೆ, ತಕ್ಷಣ ಮುಚ್ಚಿಕೊಂಡೆ. ಹೆಸರು ಹಿಡಿದು ಕೂಗುವಷ್ಟು ಹತ್ತಿರ ಬಂದಿದ್ದಾನೆ, ಕೂಗಲು ದನಿ ಇಲ್ಲ.

ಆಗಸ್ಟ್ 6, ಬುಧವಾರ

ಅತ್ತೆ ನೀರಿನ ವಿರಾಮದಲ್ಲಿ ಬೇಲಿಯ ಹತ್ತಿರ ಹೋಗಿ ಎರಡನೇ ಗೋಲ್‌ಕೀಪರನನ್ನು ವಿಚಾರಿಸಿಕೊಂಡು ಬಂದರು.

"ಯಾವೂರಪ್ಪಾ ನಿಂದು?"

"ಕುಷ್ಟಗಿ ರೀ."

"ಕುಷ್ಟಗ್ಯಾಗ ಯಾರ ಪೈಕಿ?"

ಅವನು ಏನೋ ಹೇಳಿದ. ಅತ್ತೆಯ ತಂಗಿಯ ಮಗಳನ್ನು ಕೊಟ್ಟ ಮನೆಯ ಓಣಿಯವನೇ ಅಂತೆ. ಹೆಸರು ಸಿದ್ದಲಿಂಗೇಶ, ಇಪ್ಪತ್ತೊಂದು ವರ್ಷ, ದೂರವಾಣಿ ಕಂಬದಷ್ಟು ಎತ್ತರ. ಅಷ್ಟರಿಂದ ಅತ್ತೆಯ ಮಟ್ಟಿಗೆ ಲೋಕೋದ ಗೋಲ್‌ಕೀಪರ್ ಯಾರೆಂಬುದು ತೀರ್ಮಾನವಾಯಿತು. ತರಬೇತಿ ಶುರುವಾದೊಡನೆ ಎದ್ದು ನಿಂತು, "ಏ ಸಿದ್ದಲಿಂಗಾ, ಅಂಜಬ್ಯಾಡೋ ಯಪ್ಪಾ, ಮೈ ಮ್ಯಾಲ ಹಾಕ್ಕೊಂಡು ಹಿಡಿ!" ಎಂದು ಕೂಗಿದರು. ಕೋಚ್ ತಿರುಗಿ ನೋಡಿದರು. ನಾನು ಮುಖಕ್ಕೆ ಸೆರಗು ಅಡ್ಡ ಹಿಡಿದೆ.

ಮನೆಗೆ ಬಂದು ಪಾಟಿಯಲ್ಲಿ ಬರೆದೆ: "ಮೈದಾನದಲ್ಲಿ ಕೂಗಬೇಡಿ."

ಅತ್ತೆ ನಾಲ್ಕನೇ ಇಯತ್ತೆವರೆಗೆ ಓದಿದವರು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ ಮುಗಿಸಿದರು. "ನೀ ಹತ್ತೊಂಬತ್ತು ವರ್ಷ ಕೂಗಿದಿ. ನಾ ಒಂದ ದಿನ ಕೂಗಿದ್ದು ತಪ್ಪಾತೇನ?"

ಆಗಸ್ಟ್ 7, ಗುರುವಾರ

ಇವತ್ತು ಅಲ್ತಾಫ ಬಲಗಡೆ ಹಾರಿ ಒಂದು ಚೆಂಡು ತಡೆದ. ಬೆರಳ ತುದಿಯಿಂದ ಕಂಬಕ್ಕೆ ತಾಗಿಸಿ ಹೊರಗೆ ಹಾಕಿದ. ಚಪ್ಪಾಳೆ ಸಾಲಲಿಲ್ಲ ನನಗೆ. ಅತ್ತೆಯ ಕೈ ಹಿಡಿದು ಅಲ್ಲಾಡಿಸಿ ಅವನ ಕಡೆ ಬೆರಳು ತೋರಿಸಿದೆ. ಕೂಗಿ ಎಂದು ಅರ್ಥ.

"ನಾ ಯಾಕ ಕೂಗ್ಲಿ? ಅವ ನಿನ್ನ ಪೈಕಿ" ಅಂದರು. ಆಮೇಲೆ, "ನೀ ನನ್ನವಗ ಚಪ್ಪಾಳಿ ಹೊಡೀತಿ ಅಂದ್ರ, ನಾ ನಿನ್ನವಗ ಕೂಗತೀನಿ."

ಒಪ್ಪಿಕೊಂಡೆ. "ಅಲ್ತಾಫಪ್ಪಾ, ಶಭಾಷ್!" ಎಂದು ಅತ್ತೆ ಕೂಗಿದಾಗ ಅವನು ಹಣೆಗೆ ಕೈಯಿಟ್ಟು ನಮ್ಮ ಕಡೆ ಸಲಾಮು ಮಾಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಆಗಸ್ಟ್ 9, ಶನಿವಾರ

ಮಳೆ. ತರಬೇತಿ ಇಲ್ಲ. ಬೇಸರ.

ಆಗಸ್ಟ್ 11, ಸೋಮವಾರ

ಎರಡು ವಾರ ಮುಗಿಯಿತು. ಇವತ್ತಿನಿಂದ ಐದು ನಿಮಿಷ. ಮೊದಲು ಏನು ಹೇಳಬೇಕೆಂದು ಹದಿನಾಲ್ಕು ದಿನ ಯೋಚಿಸಿದ್ದೆ. ಧಾರವಾಡದ ಹಾಸ್ಟೆಲ್‌ನಲ್ಲಿರುವ ಮಗಳು ರಂಜಿತಾಗೆ ಫೋನ್ ಮಾಡಬೇಕು ಎಂದುಕೊಂಡು ಫೋನ್ ತೆಗೆದರೆ ಅದೇ ರಿಂಗಾಯಿತು. ಶಾಲೆಯ ಕಚೇರಿಯ ಗುಮಾಸ್ತರು. ರಜೆಯ ಅರ್ಜಿಗೆ ಡಾಕ್ಟರ ಸರ್ಟಿಫಿಕೇಟು ಜೋಡಿಸಿಲ್ಲವಂತೆ. "ಹೌದ್ರಿ... ಕಳಸ್ತೀನ್ರಿ... ಇಲ್ರಿ, ನಾನ ಮಾತಾಡಾಕತ್ತೀನ್ರಿ" ಅನ್ನುವುದರಲ್ಲೇ ನಾಲ್ಕು ನಿಮಿಷ ಹೋಯಿತು.

ಒಳಗಿನಿಂದ ಅತ್ತೆ ಬಂದು ನೋಡಿದರು. "ಯಾರೋ ಸಣ್ಣ ಹುಡುಗಿ ಮಾತಾಡಿದಂಗಾತು" ಅಂದರು.

ನನಗೂ ಹಾಗೇ ಅನ್ನಿಸಿತು. ಅದು ನನ್ನ ದನಿಯಲ್ಲ.

ಆಗಸ್ಟ್ 13, ಬುಧವಾರ

ಸಿಟ್ಟು ಬಂದಿದೆ. ಮನೆಗೆ ಬರುವ ದಾರಿಯಲ್ಲಿ ಅತ್ತೆ, "ನಿನ್ನ ಅಲ್ತಾಫನ ಎಡಗೈ ಕಿವಿಯಿಂದ ಮ್ಯಾಲ ಹೋಗವಲ್ದು" ಅಂದರು.

ನಾನು ಇಲ್ಲ ಎಂದು ತಲೆಯಾಡಿಸಿದೆ.

"ಅಂಗಿ ಹಾಕ್ಕೊಳ್ಳೂವಾಗ ನೋಡು. ಮೊದಲು ಎಡಗೈ ತೂರಿಸ್ತಾನ, ಆಮ್ಯಾಲ ತಲಿ. ನಿಮ್ಮಾವ ಬಂಡಿ ಮ್ಯಾಲಿಂದ ಬಿದ್ದು ಭುಜಾ ನೋಯಿಸ್ಕೊಂಡಾಗ ಮೂರು ತಿಂಗಳು ಯಾರಿಗೂ ಹೇಳ್ಲಿಲ್ಲ. ಹಿಂಗ ಅಂಗಿ ಹಾಕ್ಕೊಳ್ಳೂವಾಗ ನನ್ನ ಕೈಯಾಗ ಸಿಕ್ಕ."

ಅತ್ತೆಗೆ ಹತ್ತು ದಿನದ ಆಟ. ನನಗೆ ಮೂವತ್ತೇಳು ವರ್ಷದ್ದು. ಮನೆಗೆ ಬಂದವಳೇ ಪಾಟಿ ತೆಗೆದು, "ನಿಮಗೇನು ಗೊತ್ತು ಫುಟ್‌ಬಾಲ್?" ಎಂದು ಬರೆದೆ.

ಕೂಡಿಸಿ ಓದಿದರು. "ಫುಟ್‌ಬಾಲ್ ಗೊತ್ತಿಲ್ಲವಾ. ಭುಜಾ ಗೊತ್ತೈತಿ."

ಆಗಸ್ಟ್ 15, ಶುಕ್ರವಾರ

ಧ್ವಜಾರೋಹಣಕ್ಕೆ ಶಾಲೆಗೆ ಹೋಗಿದ್ದೆ. ನನ್ನ ಬದಲು ಕವಾಯತಿನ ಆಜ್ಞೆ ಕೊಟ್ಟವರು ವಿಜ್ಞಾನದ ಗುಲ್ಶನ ಟೀಚರ್. 'ಸಾವಧಾನ್' ಅನ್ನುವಾಗ ಅವರ ದನಿ ಒಡೆಯಿತು, ಆದರೂ ಮಕ್ಕಳು ಚೆನ್ನಾಗಿ ಹೆಜ್ಜೆ ಹಾಕಿದರು. ನಾನು ಉಳಿದ ಶಿಕ್ಷಕರ ಸಾಲಿನಲ್ಲಿ ನಿಂತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ಆ ಸಾಲಿನಲ್ಲಿ ನಿಂತಿದ್ದು ಇದೇ ಮೊದಲು. ಪ್ರತಿ ಆಜ್ಞೆಗೂ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ನನ್ನ ಕಡೆ ನೋಡುತ್ತಿದ್ದರು.

ಮನೆಗೆ ಬಂದಾಗ ಅತ್ತೆ ಗೋಧಿ ಬೆಲ್ಲದ ಮಾದಲಿ ಮಾಡಿಟ್ಟಿದ್ದರು. ಏನೂ ಕೇಳಲಿಲ್ಲ. "ಒಣಾದು ಗಂಟಲಿಗೆ ತ್ರಾಸಾಗತೈತಿ ಅಂತ ಹಾಲು ಭಾಳ ಹಾಕೀನಿ" ಎಂದು ಬಟ್ಟಲು ಇಟ್ಟು ಹೋದರು. ಎರಡು ಸಲ ಹಾಕಿಸಿಕೊಂಡು ತಿಂದೆ.

ಆಗಸ್ಟ್ 16, ಶನಿವಾರ

ಅತ್ತೆ ಹೇಳಿದ್ದು ನಿಜ.

ಇವತ್ತು ಪೂರ್ತಿ ಅವನ ಎಡಗೈಯನ್ನೇ ನೋಡಿದೆ. ಕಾರ್ನರ್ ಅಭ್ಯಾಸದಲ್ಲಿ ಎಡಕ್ಕೆ ಬಂದ ಎತ್ತರದ ಚೆಂಡುಗಳನ್ನೆಲ್ಲ ಮೈ ತಿರುಗಿಸಿ ಬಲಗೈಯಿಂದಲೇ ಗುದ್ದುತ್ತಾನೆ. ಎಡಕ್ಕೆ ಹಾರುವುದು ಬಂದರೆ ಕಾಲಿನಿಂದ ತಡೆಯಲು ನೋಡುತ್ತಾನೆ, ಇಲ್ಲವೇ ನಗುತ್ತಾ ಬಿಟ್ಟುಬಿಡುತ್ತಾನೆ. ಅಭ್ಯಾಸ ತಾನೇ ಎನ್ನುವ ಹಾಗೆ. ಹದಿಮೂರು ವರ್ಷದ ಮಗು ಹೀಗೆ ಮಾಡಿದರೆ ನಾನು ಮೊದಲ ದಿನವೇ ಹಿಡಿಯುತ್ತಿದ್ದೆ. ಇವನಲ್ಲಿ ನನಗೆ ಕಾಣಲೇ ಇಲ್ಲ. ಇಬ್ಬರಲ್ಲಿ ಯಾರು ಮೊದಲ ಕೀಪರ್ ಎಂಬುದು ಮೂವತ್ತನೇ ತಾರೀಖಿನ ಅಭ್ಯಾಸ ಪಂದ್ಯದಲ್ಲಿ ನಿರ್ಧಾರವಾಗುತ್ತದಂತೆ. ಅದಕ್ಕೇ ಮುಚ್ಚಿಡುತ್ತಿದ್ದಾನೆ.

ಯಾರಿಗೂ ಹೇಳಬಾರದು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬೇಲಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ತಮ್ಮಾ ಅಲ್ತಾಫ, ಆ ಎಡ ಭುಜಾ ಯಾರಿಗೂ ತೋರಿಸಿಲ್ಲೇನ?" ಎಂದುಬಿಟ್ಟರು.

ನೀರು ಕುಡಿಯುತ್ತಿದ್ದ ಇಬ್ಬರು ಆಟಗಾರರು ತಿರುಗಿದರು. ಅಲ್ತಾಫನ ಮುಖ ಕಪ್ಪಿಟ್ಟಿತು. "ಏನಿಲ್ಲಮ್ಮಾ, ಸ್ವಲ್ಪ ಹಿಡ್ಕಂಡೈತಿ" ಅಂದವನೇ ಬಾಟಲಿ ಅಲ್ಲೇ ಬಿಟ್ಟು ಆ ಕಡೆ ನಡೆದ.

ಮನೆಗೆ ಬರುವವರೆಗೆ ಮೈ ಉರಿಯುತ್ತಿತ್ತು. ಪಾಟಿ ತೆಗೆದು ಬರೆದೆ: "ನಿಮ್ಮ ಬಾಯಿ ಅವನ ಅನ್ನ ಕಳೆಯಿತು. ಊರಿಗೆ ಹೋಗಿ."

ಅತ್ತೆ ಪಾಟಿಯನ್ನು ಬಾಗಿಲ ಬೆಳಕಿಗೆ ಹಿಡಿದರು. ಎರಡು ವಾರದಿಂದ 'ಉಪ್ಪು ಕಮ್ಮಿ', 'ನಲ್ಲಿ ನೀರು ಬಂತು' ಎಂಬುದನ್ನೆಲ್ಲ ಓದಿದ ಹಾಗೆಯೇ ಓದತೊಡಗಿದರು. "ನಿ... ಮ್ಮ... ನಿಮ್ಮ. ಬಾ... ಯಿ... ಬಾಯಿ." ಕಸಿದುಕೊಂಡು ಅಳಿಸಬೇಕೆನಿಸಿತು. ಕೈ ಏಳಲಿಲ್ಲ. "ಅ... ನ್ನ... ಅನ್ನ." ಒಂದಕ್ಷರವನ್ನೂ ಬಿಡದೆ ಕೊನೆಯವರೆಗೆ ಓದಿದರು. 'ಹೋಗಿ' ಎಂಬುದನ್ನು ಎರಡು ಸಲ ಓದಿದರು. ಮೊದಲ ಸಲ ತಪ್ಪಿತೇನೋ ಎಂಬ ಹಾಗೆ. ಆಮೇಲೆ ಸೆರಗಿನಿಂದ ಪಾಟಿ ಒರೆಸಿ, ಗೋಡೆಯ ಮಾಡದಲ್ಲಿಟ್ಟು, ಪುಂಡಿಪಲ್ಲೆಯ ಸೊಪ್ಪು ಸೋಸಲು ಕುಳಿತರು.

ಇದಕ್ಕಿಂತ ಕೆಟ್ಟ ಮಾತುಗಳನ್ನು ಅವರಿಗೆ ಎಷ್ಟೋ ಸಲ ಅಂದಿದ್ದೇನೆ. ನನ್ನ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ಆಗಸ್ಟ್ 17, ಭಾನುವಾರ

ಅತ್ತೆ ಚೀಲ ಕಟ್ಟಿಲ್ಲ. ಮಾತೂ ಆಡಿಲ್ಲ. ಮಧ್ಯಾಹ್ನ ಶಿಫ್ಟು ಮುಗಿಸಿ ಬಂದ ಇವರು ನಮ್ಮಿಬ್ಬರನ್ನು ನೋಡಿ, "ಏನಿದು, ಇಬ್ರಿಗೂ ಆಪರೇಷನ್ ಆಗೇತೇನ?" ಅಂದರು. ಇಬ್ಬರೂ ನಗಲಿಲ್ಲ.

ಇವರು ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ನೆಲಕ್ಕೆ ಕೂತೆ. ಇವತ್ತಿನ ಐದು ನಿಮಿಷ ಹಾಗೇ ಇತ್ತು.

"ಅತ್ತೀ, ತಪ್ಪಾತ್ರಿ."

ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಬ್ಯಾನಿ ಮುಚ್ಚಿಡೂದು ನಿನಗ ಹೊಸಾದೇನಲ್ಲ. ಎರಡು ವರ್ಷ ಮುಚ್ಚಿಟ್ಟಿ. ಹ್ವಾದ ದೀಪಾವಳ್ಯಾಗ ನಾ ಬಂದಾಗ ದಿನಾ ಅರಿಷಿಣದ ನೀರು ಕುಡೀತಿದ್ದಿ. ಪ್ರಭುಗ ಹೇಳಿದೆ, ಆಕಿ ಗಂಟಲು ತೋರ್ಸಪಾ ಅಂತ. ನೀ ಏನಂದಿ? 'ನಿಮ್ಮ ಕೆಲಸಾ ನೀವು ನೋಡ್ಕೋರಿ' ಅಂದಿ."

ನನಗೆ ನೆನಪಿಲ್ಲ. ಅಂದಿರಬಹುದು.

"ಆ ಹುಡುಗಗ ಮಂದ್ಯಾಗ ಕೇಳಬಾರದಿತ್ತು, ಅದು ಖರೇ" ಅಂದರು. "ನಂದೂ ತಪ್ಪೈತಿ. ಏನರ ಮಾಡೂಣು."

ನಾನೂ ಒಂದು ಬೊಗಸೆ ಶೇಂಗಾ ಎಳೆದುಕೊಂಡೆ. ಬುಟ್ಟಿ ಮುಗಿಯುವವರೆಗೆ ಕೂತಿದ್ದೆವು.

ಆಗಸ್ಟ್ 19, ಮಂಗಳವಾರ

ನಿನ್ನೆ ನಾಲ್ಕು ಹಾಳೆ ಹರಿದು ಹಾಕಿ ಐದನೆಯದರಲ್ಲಿ ಬರೆದೆ. 'ಅಲ್ತಾಫ ಅವರಿಗೆ. ನಾನು ಹನ್ನೊಂದು ವರ್ಷದಿಂದ ನಿಮ್ಮ ಅಭಿಮಾನಿ. ನಮ್ಮ ಅತ್ತೆ ಕೇಳಿದ ರೀತಿಗೆ ಕ್ಷಮಿಸಿ. ಆದರೆ ಅವರು ಕೇಳಿದ್ದು ಸರಿ. ನಾನು ಪಾಠ ಹೇಳಿ ಬದುಕುವವಳು, ಗಂಟಲಿನ ನೋವನ್ನು ಎರಡು ವರ್ಷ ಮುಚ್ಚಿಟ್ಟೆ. ಮೊದಲೇ ತೋರಿಸಿದ್ದರೆ ಔಷಧದಲ್ಲಿ ಹೋಗುತ್ತಿತ್ತಂತೆ. ಈಗ ದಿನಕ್ಕೆ ಐದು ನಿಮಿಷ ಮಾತಾಡುತ್ತೇನೆ. ಯಾರಿಗೂ ನಾವು ಏನನ್ನೂ ಹೇಳುವುದಿಲ್ಲ. ಹೇಳಬೇಕಾದವರು ನೀವೇ. ದಾನೇಶ್ವರಿ, ದೈಹಿಕ ಶಿಕ್ಷಕಿ.'

ತರಬೇತಿ ಮುಗಿದ ಮೇಲೆ ಬೇಲಿಯ ಸಂದಿಯಿಂದ ಕೊಟ್ಟೆ. ಓದಲಿಲ್ಲ, ಗ್ಲೌಸಿನೊಳಗೆ ತುರುಕಿಕೊಂಡು ಬಸ್ಸು ಹತ್ತಿದ.

ಆಗಸ್ಟ್ 20, ಬುಧವಾರ

ನಮ್ಮ ಕಡೆ ನೋಡಲಿಲ್ಲ.

ಆಗಸ್ಟ್ 21, ಗುರುವಾರ

ಅವನೇ ಬಂದ. ಬೇಲಿಯ ಆ ಕಡೆ ಅವನು, ಈ ಕಡೆ ನಾವಿಬ್ಬರು.

"ಟೀಚರ್ರ, ಚೀಟಿ ಓದಿದೆ. ಮೂರು ಸಲ ಓದಿದೆ" ಅಂದ. "ಮಾರ್ಚ್‌ನಾಗ ಬಿದ್ದಿದ್ದೆ. ಇದೊಂದು ಸೀಸನ್ ಆಡಿಬಿಟ್ರ ಸಾಕು ಅನ್ಕಂಡಿದ್ದೆ. ಒಂದು ಸಲ ಕುಂತ್ರ ನನ್ನ ವಯಸ್ಸಿನಾಗ ಮತ್ತ ಯಾರು ಎಬ್ಬಿಸ್ತಾರ ಹೇಳ್ರಿ."

ನಾನು ತಲೆಯಾಡಿಸಿದೆ.

"ನಿಮಗ ಮತ್ತ ಮೊದಲಿನಂಗ ಕೂಗಾಕ ಬರ್ತೈತಾ?"

"ಗೊತ್ತಿಲ್ಲ. ಸೋಮವಾರ ಗೊತ್ತಾಗತೈತಿ" ಎಂದೆ. ನನ್ನ ದನಿ ಕೇಳಲು ಅವನು ಬೇಲಿಗೆ ಕಿವಿ ತಂದ.

"ಅಂಜಿಕಿ ಆಗತೈತೇನ್ರಿ?"

"ಆಗತೈತಿ."

"ನನಗೂ" ಅಂದ.

ಅತ್ತೆ ಆವತ್ತು ಮಂದಿಯಲ್ಲಿ ಕೇಳಿದ್ದಕ್ಕೆ ತಪ್ಪಾಯಿತೆಂದರು. ಅವನು ನಕ್ಕ. "ನನ್ನ ಹೆಂಡ್ತಿಗೂ ಗೊತ್ತಾಗದಂಗ ಇಟ್ಟಿದ್ದೆ ಅಮ್ಮಾ. ನೀವು ಬೇಲಿ ಹೊರಗಿಂದ ಹಿಡಿದುಬಿಟ್ರಿ."

"ಅಂಗಿ ಹಾಕ್ಕೊಳ್ಳೂದು ನೋಡಿದೆ, ಯಪ್ಪಾ" ಅಂದರು ಅತ್ತೆ.

ಆಗಸ್ಟ್ 23, ಶನಿವಾರ

ಹೇಳಿದ್ದಾನೆ. ನಿನ್ನೆ ತಾನೇ ಹೋಗಿ ಕೋಚಿಗೆ ಹೇಳಿದನಂತೆ. ಇವತ್ತು ಗ್ಲೌಸು ಇಲ್ಲ, ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿದೆ. ಸ್ಕ್ಯಾನಿನಲ್ಲಿ ಭುಜದೊಳಗೆ ಹರಿದಿರುವುದು ಕಂಡಿದೆ. ಮೂರು ತಿಂಗಳು ಆಡುವಂತಿಲ್ಲ. ಕ್ಲಬ್ಬಿನವರು ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಇನ್ನೂ ಹೇಳಿಲ್ಲ. ಮೂವತ್ತನೇ ತಾರೀಖಿಗೆ ಗೋಲಿನಲ್ಲಿ ನಿಲ್ಲುವವನು ಸಿದ್ದಲಿಂಗೇಶ.

ಅತ್ತೆಯ ಕಡೆಯವನು ಗೆದ್ದ. ಅವರು ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ.

ಆಗಸ್ಟ್ 25, ಸೋಮವಾರ

ಹುಬ್ಬಳ್ಳಿಗೆ ಹೋಗಿ ಬಂದೆವು. ಗಾಯ ಮಾಗಿದೆ. ಮಾತು ಮೆಲ್ಲಗೆ ಪೂರ್ತಿ ಬರುತ್ತದೆ. ಕೂಗುವುದು ಮಾತ್ರ ಈ ಜನ್ಮದಲ್ಲಿ ಬೇಡ ಅಂದರು ಡಾಕ್ಟರು. ಕೂಗಿದರೆ ಮತ್ತೆ ಗಂಟು, ಮತ್ತೆ ಆಪರೇಷನ್, ಆಮೇಲೆ ಅವರ ಕೈಯಲ್ಲಿ ಏನೂ ಇಲ್ಲ.

ಬರುವಾಗ ರೈಲು ಗದಗ ದಾಟಿತು. ಇವರು ಕಿಟಕಿಯ ಕಡೆ ನೋಡುತ್ತಾ, "ಇಷ್ಟು ದಿನ ನೀ ಓಣಿಯೊಳಗ ಇದ್ರೂ ನನಗ ಕೇಳತಿತ್ತು. ಇನ್ನ ಬಗ್ಲಾಗ ಬಂದು ಕುಂದ್ರಬೇಕಾತು" ಅಂದರು. ಇವರು ಇಂಥ ಮಾತು ಆಡುವವರೇ ಅಲ್ಲ. ಅಥವಾ ಮೊದಲೂ ಆಡುತ್ತಿದ್ದರೋ ಏನೋ.

ಮನೆಗೆ ಬಂದರೆ ಅತ್ತೆ ಕಾಯುತ್ತಿದ್ದರು. ಬೆಳಿಗ್ಗೆ ಒಬ್ಬರೇ ಮೈದಾನಕ್ಕೆ ಹೋಗಿದ್ದರಂತೆ! ನಾನು ಚಪ್ಪಲಿ ಬಿಡುವ ಮೊದಲೇ ವರದಿ ಶುರುವಾಯಿತು. ಯಾರು ಕುಂಟುತ್ತಿದ್ದ, ಕೋಚ್ ಯಾರಿಗೆ ಬೈದರು, ಸಿದ್ದಲಿಂಗೇಶ ಎಷ್ಟು ಹಿಡಿದ, ಎಷ್ಟು ಬಿಟ್ಟ. ಒಂದು ತಾಸು ಹೇಳಿದರು. ಎಲ್ಲ ಕೇಳಿದೆ. ನಡುವೆ ನಾನೂ ಕೆಲವು ಪ್ರಶ್ನೆ ಕೇಳಿದೆ.

ಎಲ್ಲ ಮುಗಿದ ಮೇಲೆ, "ಅತ್ತೀ, ಇನ್ನ ಕೂಗಾಕ ಬರಂಗಿಲ್ಲಂತ್ರಿ" ಎಂದೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಅಳೂದ ಅಳು, ಆದ್ರ ದನಿ ತಗೀಬ್ಯಾಡ. ಗಂಟಲಿಗೆ ಛಲೋ ಅಲ್ಲ."

ಆಗಸ್ಟ್ 30, ಶನಿವಾರ

ಅಭ್ಯಾಸ ಪಂದ್ಯ. ಬಳ್ಳಾರಿಯಿಂದ ಒಂದು ತಂಡ ಬಂದಿತ್ತು. ಮೆಟ್ಟಿಲುಗಳೆಲ್ಲ ತುಂಬಿ, ಕೆಲವರು ಬೇವಿನ ಮರ ಹತ್ತಿದ್ದರು.

ಸಿದ್ದಲಿಂಗೇಶ ಹೆದರಿದ್ದ. ಹನ್ನೆರಡನೇ ನಿಮಿಷಕ್ಕೆ ಒಂದು ಎತ್ತರದ ಚೆಂಡು ಗೋಲಿನ ಮುಂದೆ ಬಿತ್ತು. ಹಿಡಿಯಲು ಅವನೂ ಬಂದ, ನಮ್ಮ ಡಿಫೆಂಡರೂ ಹೋದ. 'ನಂದು' ಎಂದು ಯಾರೂ ಅನ್ನಲಿಲ್ಲ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದರು, ಚೆಂಡು ಮೆಲ್ಲಗೆ ಉರುಳಿ ಒಳಗೆ ಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡರು.

ಆಗ ಅಲ್ತಾಫ ಬೆಂಚಿನಿಂದ ಎದ್ದ. ಕೈ ಪಟ್ಟಿಯಲ್ಲೇ ಇತ್ತು. ನಡೆದು ಬಂದು ಗೋಲಿನ ಹಿಂದೆ ನಿಂತ. ಏನು ಹೇಳಿದನೋ ನಮಗೆ ಕೇಳಲಿಲ್ಲ. ಐದು ನಿಮಿಷದ ಮೇಲೆ ಮೊದಲ ಸಲ ಸಿದ್ದಲಿಂಗೇಶನ ದನಿ ಕೇಳಿತು. "ಬಿಡು, ನಂದು!" ಎರಡನೇ ಅರ್ಧದ ಹೊತ್ತಿಗೆ ಮೈದಾನದ ಆ ತುದಿಗೂ ಮುಟ್ಟುವಂತೆ ಕೂಗುತ್ತಿದ್ದ. ಎಡಕ್ಕೆ ಹಾರಿ ಒಂದನ್ನು ಹಿಡಿದ. ಅದನ್ನು ಹಿಡಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಬಂದದ್ದು ಗೋಲಿನ ಹಿಂದಿನಿಂದ. ಅಲ್ತಾಫ ಬಲಗೈಯಿಂದ ತನ್ನ ತೊಡೆಗೆ ಹೊಡೆದುಕೊಳ್ಳುತ್ತಿದ್ದ. ಲೋಕೋ ಎರಡು–ಒಂದರಿಂದ ಗೆದ್ದಿತು.

ಬಸ್ಸು ಹತ್ತುವ ಮೊದಲು ಅವನು ನಮ್ಮ ಹತ್ತಿರ ಬಂದ. "ಡಿಸೆಂಬರ್ ತಂಕ ಇಟ್ಕಂಡಾರ. ಅಲ್ಲಿತಂಕ ಈ ಹುಡುಗರ ಜೊತಿ ಇರು ಅಂದಾರ. ಆಮ್ಯಾಲ ಭುಜ ಏನಂತೈತೋ ನೋಡಣ." ಅತ್ತೆಯ ಕಡೆ ತಿರುಗಿ, "ಹದಿನಾಲ್ಕಕ್ಕ ಹುಬ್ಬಳ್ಳ್ಯಾಗ ಮೊದಲ್ನೇ ಮ್ಯಾಚ್, ಬರ್ಬೇಕಮ್ಮಾ" ಅಂದ.

"ನಾ ಬಂದ್ರ ನನ್ನ ಎಮ್ಮಿ ಯಾರು ಹಿಂಡ್ತಾರ, ನೀ ಹಿಂಡ್ತೀಯೇನ?" ಅಂದರು ಅತ್ತೆ.

ಆಗಸ್ಟ್ 31, ಭಾನುವಾರ

ಅತ್ತೆಯನ್ನು ರೈಲು ಹತ್ತಿಸಿ ಬಂದೆ. ಡಬ್ಬಿಗಳು ಅವರು ಇಟ್ಟ ಜಾಗದಲ್ಲೇ ಇವೆ. ಆ ಜಾಗವೇ ಸರಿ, ಕೈಗೆ ಸಿಗುತ್ತವೆ.

ಸೆಪ್ಟೆಂಬರ್ 3, ಬುಧವಾರ

ಶಾಲೆಗೆ ಹೋಗಿ ಮೂರನೇ ದಿನ. ಒಂದು ಕೈ ಎತ್ತಿದರೆ ನಿಲ್ಲಬೇಕು, ಎರಡು ಕೈ ಎತ್ತಿದರೆ ಸುತ್ತ ಬಂದು ಕೂರಬೇಕು ಎಂದು ಹೇಳಿಕೊಟ್ಟಿದ್ದೇನೆ. ಲೋಕೋದ ಕೋಚ್ ಮಾಡುತ್ತಿದ್ದ ಹಾಗೆ. ಮೊದಲ ದಿನ ಗದ್ದಲವಾಯಿತು, ಇವತ್ತು ಪರವಾಗಿಲ್ಲ.

ಖೋ ಖೋ ಆಡುವ ಎಂಟನೇ ತರಗತಿಯ ಹುಡುಗಿಯೊಬ್ಬಳು ಬಂದು ಕಾಲಿನ ಹರಡು ನೋಯುತ್ತದೆ ಎಂದಳು. ಯಾವಾಗಿನಿಂದ ಎಂದರೆ ಜೂನ್‌ನಿಂದ ಅಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ನೆಲ ನೋಡುತ್ತಾ, "ನೀವು ಒದರ್ತಿದ್ರಿ ಟೀಚರ್" ಅಂದಳು. ಅವಳನ್ನು ಕೂರಿಸಿ ಹರಡಿಗೆ ಪಟ್ಟಿ ಸುತ್ತಿದೆ. ನಾಳೆ ಅವರ ಮನೆಗೆ ಹೋಗಿ ಬರಬೇಕು. ಯಾಕೋ ಮಕ್ಕಳು ಈ ಸಲ ಭಾರಿ ಮಾತಾಡುತ್ತಿದ್ದಾರೆ. ನಾನು ರಜೆಯಲ್ಲಿದ್ದಾಗ ಸಲುಗೆ ಕಲಿತಿರಬೇಕು.

ಸೆಪ್ಟೆಂಬರ್ 15, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಹುಬ್ಬಳ್ಳಿಯಿಂದ ಬಂದು ಹಾಗೇ ಮಲಗಿಬಿಟ್ಟೆ.

ಬೆಳಿಗ್ಗೆ ಗಿಣಿಗೇರಾದಲ್ಲಿ ಪ್ಯಾಸೆಂಜರ್ ಹತ್ತಿದೆ. ಇವರಿಗೆ ಶಿಫ್ಟು ಇತ್ತು. ಶನಿವಾರ ಅತ್ತೆಗೆ ಫೋನ್ ಮಾಡಿ, ನಾನು ಹೊರಟಿದ್ದೇನೆ ಎಂದಷ್ಟೇ ಹೇಳಿದ್ದೆ. ಅವರು ಹೂಂ ಅಂದು ಇಟ್ಟಿದ್ದರು. ತಳಕಲ್ ಬಂದಾಗ ಸುಮ್ಮನೆ ಬಾಗಿಲಿಗೆ ಬಂದು ನೋಡಿದೆ. ಪ್ಲಾಟ್‌ಫಾರಂನ ಆ ತುದಿಯಲ್ಲಿ ಹಸಿರು ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ಪ್ರತಿ ಡಬ್ಬಿಯ ಕಿಟಕಿಯಲ್ಲೂ ಇಣುಕುತ್ತಾ, "ಏ ದಾನವ್ವಾ! ಯಾವ ಡಬ್ಬ್ಯಾಗ ಅದೀಯವಾ?" ಎಂದು ಕೂಗುತ್ತಿದ್ದರು. ಇಡೀ ಗಾಡಿ ಹೊರಗೆ ಬಗ್ಗಿ ನೋಡಿತು. ನಾನು ಇಳಿದು ಓಡಿಹೋಗಿ ಗಂಟು ಇಸಿದುಕೊಂಡೆ. ಎಮ್ಮೆಯನ್ನು ಮೈದುನನ ಹೆಂಡತಿಗೆ ಒಪ್ಪಿಸಿ ಬಂದಿದ್ದರು.

ಪಂದ್ಯ ಸಮವಾಯಿತು, ಒಂದು–ಒಂದು. ಸಿದ್ದಲಿಂಗೇಶ ಕೊನೆಯ ನಿಮಿಷದಲ್ಲಿ ಪೆನಾಲ್ಟಿ ತಡೆದ. ಆಟ ಮುಗಿದ ಮೇಲೆ ಅವನು ಮೊದಲು ಓಡಿದ್ದು ಬೆಂಚಿನ ಕಡೆಗೆ. ಅಲ್ತಾಫ ಒಂದೇ ಕೈಯಲ್ಲಿ ಅವನನ್ನು ತಬ್ಬಿಕೊಂಡು ತಲೆಯ ಮೇಲೆ ಗುದ್ದಿದ. ನಮ್ಮ ಸುತ್ತ ಕೂತವರೆಲ್ಲ ಅರ್ಧ ಗಂಟೆಯಲ್ಲೇ ಅತ್ತೆಗೆ ಜಾಗ ಬಿಟ್ಟುಕೊಟ್ಟಿದ್ದರು, ಅವರ ಕೂಗಿಗೆ ತಾವೂ ಸೇರುತ್ತಿದ್ದರು. ತೊಂಬತ್ತು ನಿಮಿಷವೂ ಅತ್ತೆ ನಿಂತೇ ಇದ್ದರು. ನಾನು ಅವರ ನೀರಿನ ಬಾಟಲಿ ಹಿಡಿದು ಕೂತಿದ್ದೆ. ಎಂಥಾ ಆಟ!

ವಾಪಸು ರೈಲು ಹತ್ತುವ ಹೊತ್ತಿಗೆ ಅವರ ದನಿ ಪೂರ್ತಿ ಕುಳಿತುಹೋಗಿತ್ತು. ಬಾಯಿ ತೆರೆದರೆ ಗಾಳಿ ಬರುತ್ತಿತ್ತು. "ಒಂದಕ್ಷರ ಮಾತಾಡಬ್ಯಾಡ್ರಿ ಅತ್ತೀ, ಪಿಸುಮಾತೂ ಬ್ಯಾಡ" ಎಂದು ಗದಗದಲ್ಲಿ ಬಿಸಿ ಹಾಲು ತಂದು ಕುಡಿಸಿದೆ. ಅಲ್ಲಿಂದ ಮುಂದಕ್ಕೆ ನಾನೇ ಮಾತಾಡಿದೆ. ಅಪ್ಪನ ವಿಷಯ, ಅವರ ಹೆಗಲ ಮೇಲೆ ಕೂತು ನೋಡಿದ ಪಂದ್ಯ, ಲೋಕೋ ಸೋತಾಗ ಅಪ್ಪ ಊಟ ಬಿಡುತ್ತಿದ್ದದ್ದು. ಇಪ್ಪತ್ತು ವರ್ಷದಲ್ಲಿ ಅವರಿಗೆ ಅಪ್ಪನ ಬಗ್ಗೆ ಏನನ್ನೂ ಹೇಳಿರಲಿಲ್ಲ. ಅತ್ತೆ ನನ್ನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡು ಕೇಳಿದರು.

ತಳಕಲ್‌ನಲ್ಲಿ ಮೈದುನ ಕರೆದೊಯ್ಯಲು ಬಂದಿದ್ದ. ಅತ್ತೆ ಇಳಿದು ಖಾಲಿ ಗಂಟನ್ನು ಅವನ ಕೈಗೆ ಕೊಟ್ಟರು. ಗಾಡಿ ಜಗ್ಗಿತು. ಅವರು ನನ್ನ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದರು. ಏನೋ ಹೇಳಲು ಬಾಯಿ ತೆರೆದು, ನಾನು ಕಣ್ಣು ದೊಡ್ಡದು ಮಾಡಿದ್ದನ್ನು ನೋಡಿ ಮುಚ್ಚಿಕೊಂಡರು. ಆಮೇಲೆ ಎರಡು ಬೆರಳು ಎತ್ತಿ ತೋರಿಸಿದರು. ಅದನ್ನು ಇಳಿಸಿ, ಎಂಟು ಬೆರಳು.

ಮುಂದಿನ ಪಂದ್ಯ ಇಪ್ಪತ್ತೆಂಟಕ್ಕೆ.